ನಾಟಕ ಮುಗಿಯುವವರೆಗೆ

ಅಮೆರಿಕದ ಸ್ಟರ್ಲಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಏಳು ಗಂಟೆಯಾದರೆ ಲಂಡನ್ನಿನಲ್ಲಿ ಮಧ್ಯಾಹ್ನ ಹನ್ನೆರಡು. ನಮ್ಮ ಮನೆಯ ದಿನ ಶುರುವಾಗುತ್ತಿದ್ದದ್ದು ಲಂಡನ್ನಿನ ಆ ಮಧ್ಯಾಹ್ನದಿಂದ. ಮೈಸೂರಿನಿಂದ ಬರುವಾಗ ಅಪ್ಪ ಪಂಚೆಯಲ್ಲಿ ಸುತ್ತಿ ತಂದಿದ್ದ ಕಪ್ಪು ಶಾರ್ಟ್‌ವೇವ್ ರೇಡಿಯೋ ಅಡುಗೆಮನೆಯ ಫ್ರಿಜ್ಜಿನ ಮೇಲೆ ಕೂತಿತ್ತು. ಅದರ ಬೆನ್ನಿನಿಂದ ಹೊರಟ ತಾಮ್ರದ ತಂತಿ ಊಟದ ಟೇಬಲ್ಲಿನ ಮೇಲಿಂದ ಹಾದು, ಬಾಲ್ಕನಿ ಬಾಗಿಲಿನ ಸಂದಿಯಲ್ಲಿ ನುಸುಳಿ, ಹೊರಗಿನ ಕಂಬಿಗೆ ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಏಳಕ್ಕೆ ಸರಿಯಾಗಿ ಅಪ್ಪ ಗುಂಡಿ ತಿರುಗಿಸುತ್ತಿದ್ದ. ಮೊದಲು ಮೊರೆತ, ಅದರೊಳಗಿಂದ ಗಂಟೆ ಹೇಳುವ ಆರು ಪಿಪ್‌ಗಳು, ಆಮೇಲೆ ಒಬ್ಬ ಮನುಷ್ಯನ ಸ್ವರ. ಆ ಸ್ವರಕ್ಕೆ ಯಾವತ್ತೂ ಅವಸರವಿರಲಿಲ್ಲ. ಯುದ್ಧವಾದರೂ, ಹಡಗು ಮುಳುಗಿದರೂ ಅದೇ ಹದ. ಅಪ್ಪ ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಕೇಳುತ್ತಿದ್ದ. ಸುದ್ದಿ ಮುಗಿಯುವವರೆಗೆ ನಾನಾಗಲಿ ತಮ್ಮ ವಿನುವಾಗಲಿ ಬಾಯಿ ಬಿಡುವ ಹಾಗಿರಲಿಲ್ಲ.

ಸುದ್ದಿಯಾದ ಮೇಲೆ ಪತ್ರಿಕೆಗಳ ಸಾರಾಂಶ. ಆಮೇಲೆ ಯಾವುದೋ ದೇಶದ ರೈತರ ಮಾತು, ಜೇನು ಸಾಕುವವನ ಜೊತೆ ಹದಿನೈದು ನಿಮಿಷ, ಕೇಳುಗರ ಪತ್ರಗಳು, ಪದಗಳ ಮೇಲೆ ಕ್ವಿಜ್, ಫುಟ್‌ಬಾಲಿನ ಫಲಿತಾಂಶ, ವಿಜ್ಞಾನ, ಕಾದಂಬರಿಯ ಒಂದು ಕಂತು, ವಾರಕ್ಕೊಮ್ಮೆ ಒಂದು ಗಂಟೆಯ ನಾಟಕ. ಲಂಡನ್ನಿಗೆ ಬರೆದು ತರಿಸಿಕೊಂಡ ಕಾರ್ಯಕ್ರಮಪಟ್ಟಿಯನ್ನು ಅಪ್ಪ ನಮ್ಮ ಗಡಿಯಾರಕ್ಕೆ ಹೊಂದಿಸಿ, ಪೆನ್ಸಿಲ್ಲಿನಲ್ಲಿ ನಕಲು ಮಾಡಿ, ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದ. ಅನ್ನಕ್ಕಿಡುವುದು ಕ್ವಿಜ್ ಹೊತ್ತಿಗೆ, ಬಟ್ಟೆ ಮಡಚುವುದು ಪತ್ರಗಳ ಹೊತ್ತಿಗೆ, ವಿನುವಿಗೆ ತಿನ್ನಿಸಿ ಮಲಗಿಸುವುದು ಕಾದಂಬರಿಗೆ ಮೊದಲು. ಹೊಸ ಪದ ಕಿವಿಗೆ ಬಿದ್ದರೆ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಸಂಜೆ ನಾನು ಸ್ಕೂಲಿನಿಂದ ಬಂದಾಗ ಆ ಪದಗಳನ್ನು ನನ್ನ ಬಾಯಲ್ಲಿ ಹೇಳಿಸುತ್ತಿದ್ದ. ಹಾಗಾಗಿ ನನ್ನ ಇಂಗ್ಲಿಷು ಅರ್ಧ ಮೈಸೂರು, ಅರ್ಧ ಲಂಡನ್ ಆಗಿ, ಕ್ಲಾಸಿನ ಮಕ್ಕಳು ನಾನು ಬಾಯಿ ತೆರೆದರೆ ನಗುತ್ತಿದ್ದರು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಅಪ್ಪನಿಗೆ ಅಲ್ಲಿ ಉಳಿದಿದ್ದ ಶಿಷ್ಯೆ ನಾನೊಬ್ಬಳೇ.

ಅಪ್ಪ ಮೈಸೂರಿನ ಕಾಲೇಜೊಂದರಲ್ಲಿ ಹದಿಮೂರು ವರ್ಷ ಇಂಗ್ಲಿಷ್ ಪಾಠ ಹೇಳಿದವನು. ಅಮ್ಮನಿಗೆ ಇಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು, ಅವಳ ವೀಸಾದ ಹಿಂದೆ ನಾವು ಮೂವರು ಬಂದೆವು. ಅಪ್ಪನ ಪಾಸ್‌ಪೋರ್ಟಿನಲ್ಲಿ ಅವನು ಅವಲಂಬಿತ. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ ಎಂದು ಬಂದ ವಾರವೇ ಗೊತ್ತಾಯಿತೋ, ಮೊದಲೇ ಗೊತ್ತಿದ್ದೂ ಬಂದನೋ, ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ಅಮ್ಮನ ಕಂಪನಿ ಅವಳನ್ನು ನಾರ್ತ್ ಕೆರೊಲೈನಾದ ಶಾರ್ಲಟ್ಟಿನಲ್ಲಿ ಒಂದು ಬ್ಯಾಂಕಿನ ಹಳೇ ಪ್ರೋಗ್ರಾಮುಗಳನ್ನು ತಿದ್ದುವುದಕ್ಕೆ ಹಾಕಿತ್ತು. ಭಾನುವಾರ ಸಂಜೆ ಸೂಟ್‌ಕೇಸು ಎಳೆದುಕೊಂಡು ಹೋದರೆ ಮನೆಗೆ ಬರುತ್ತಿದ್ದದ್ದು ಶುಕ್ರವಾರ. ನಡುವಿನ ಐದು ದಿನ ನನ್ನ ಜಡೆ ಅಪ್ಪನ ಕೈಯಲ್ಲಿ. ಎಣ್ಣೆ ಸುರಿದು, ಹುಬ್ಬು ಮೇಲೇಳುವಷ್ಟು ಬಿಗಿಯಾಗಿ ಹೆಣೆದು, ತುದಿಗೆ ರಬ್ಬರ್‌ಬ್ಯಾಂಡ್ ಹಾಕುತ್ತಿದ್ದ. ಅಮ್ಮ ಶುಕ್ರವಾರ ಬಂದವಳೇ ಮೊದಲು ನನ್ನ ಜಡೆ ಬಿಚ್ಚುತ್ತಿದ್ದಳು. ಅವನ ಎದುರಿಗೇ ಬಿಚ್ಚುತ್ತಿದ್ದಳು. ಅದು ಅವನಿಗೆ ಹೇಗಾಗುತ್ತಿತ್ತೋ ಎಂದು ಆಗ ನನಗೆ ಹೊಳೆದಿರಲಿಲ್ಲ.

ಜಗಳಗಳು ಹೆಚ್ಚಾಗಿ ತಂತಿಯ ಮೇಲೆ. ಬಾಲ್ಕನಿಯಲ್ಲಿ ಏನನ್ನೂ ಕಟ್ಟಬಾರದು ಎಂದು ಅಪಾರ್ಟ್‌ಮೆಂಟಿನ ಆಫೀಸಿನವರು ಬಾಗಿಲಿಗೆ ಎರಡು ಸಲ ಚೀಟಿ ಸಿಕ್ಕಿಸಿ ಹೋಗಿದ್ದರು.

"ಲೀಸ್ ನನ್ನ ಹೆಸರಲ್ಲಿದೆ ಕಣ್ರೀ. ಮೂರನೇ ಸಲ ಬಂದ್ರೆ ನನ್ನನ್ನೇ ಕೇಳೋದು."

"ಎಲ್ಲಾ ನಿನ್ನ ಹೆಸರಲ್ಲೇ ಇದೆ, ಸುಮಾ. ತಂತಿ ಒಂದು ನನ್ನದು, ಇರಲಿ ಬಿಡು."

ತಂತಿ ಅಲ್ಲೇ ಉಳಿಯಿತು.

ಪಕ್ಕದ ಕಟ್ಟಡದಲ್ಲಿ ಪ್ರಕಾಶ್ ಅಂಕಲ್, ಶೈಲಾ ಆಂಟಿ ಇದ್ದರು. ಬೆಂಗಳೂರಿನವರು. ನಮಗೆ ಕಾರಿರಲಿಲ್ಲ, ಅಪ್ಪನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಇಂಡಿಯನ್ ಸ್ಟೋರಿಗೆ, ವಿನುವಿನ ಡಾಕ್ಟರ ಹತ್ತಿರಕ್ಕೆ ಅವರೇ ಕರೆದುಕೊಂಡು ಹೋಗುತ್ತಿದ್ದರು. ಒಂದು ಶನಿವಾರ ಅವರ ಮನೆಯಲ್ಲಿ ಏಳೆಂಟು ಕನ್ನಡದ ಮನೆಗಳು ಸೇರಿದ್ದವು. ಗಂಡಸರೆಲ್ಲ ಲಿವಿಂಗ್ ರೂಮಿನಲ್ಲಿ ಪ್ರಾಜೆಕ್ಟು, ಗ್ರೀನ್ ಕಾರ್ಡು ಎಂದು ಮಾತಾಡುತ್ತಿದ್ದರು. ಅಪ್ಪ ಮೂಲೆಯ ಕುರ್ಚಿಯಲ್ಲಿ ವಿನುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಪ್ರಕಾಶ್ ಅಂಕಲ್‌ಗೆ ತಮಾಷೆಯ ಸ್ವಭಾವ.

"ಏನ್ ಮೇಷ್ಟ್ರೇ, ನೀವು ಇಲ್ಲಿ ಕೂತ್ರೆ ಹೇಗೆ? ಲೇಡೀಸ್ ಎಲ್ಲಾ ಕಿಚನ್ನಲ್ಲಿ ರೆಸಿಪಿ ಡಿಸ್ಕಸ್ ಮಾಡ್ತಿದಾರೆ, ಹೋಗಿ ಜಾಯ್ನ್ ಮಾಡ್ಕೊಳ್ಳಿ!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಊಟ ಮಾಡಿದ, ಮೊಸರನ್ನ ಚೆನ್ನಾಗಿದೆ ಎಂದ, ವಿನುವನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದು ಬಂದ. ಆಮೇಲೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವರು ಫೋನ್ ಮಾಡಿದರೆ, "ಅಪ್ಪ ಸ್ನಾನಕ್ಕೆ ಹೋಗಿದಾರೆ ಅನ್ನು" ಎಂದು ನನಗೆ ಹೇಳುತ್ತಿದ್ದ. ಸಾಮಾನು ಬೇಕಾದರೆ ಕೈಚೀಲ ಹಿಡಿದು, ಕಾಲುದಾರಿಯೇ ಇಲ್ಲದ ರಸ್ತೆಯಂಚಿನಲ್ಲಿ ಎರಡು ಮೈಲಿ ನಡೆದು ತರುತ್ತಿದ್ದ. ಹೋಗಿ ಬಂದ ದಿನ ರೇಡಿಯೋದ ಸದ್ದು ಸ್ವಲ್ಪ ಜೋರಾಗಿರುತ್ತಿತ್ತು.

ಆ ಚಳಿಗಾಲ ನನಗೆ ಹತ್ತು ವರ್ಷ, ವಿನುವಿಗೆ ನಾಲ್ಕು. ಸೋಮವಾರ ಬೆಳಿಗ್ಗೆಯಿಂದ ಸ್ನೋ ಬೀಳತೊಡಗಿ ರಾತ್ರಿಯೆಲ್ಲ ಬಿದ್ದಿತ್ತು. ಮಂಗಳವಾರ ಎದ್ದು ನೋಡಿದರೆ ಕಾರುಗಳಿದ್ದ ಜಾಗದಲ್ಲಿ ಬಿಳಿಯ ದಿಬ್ಬಗಳು. ಸ್ಕೂಲಿಗೆ ರಜೆ. ಹತ್ತಿರದ ಡಲ್ಲಸ್ ಏರ್‌ಪೋರ್ಟಿನ ಕಡೆಯಿಂದ ದಿನವೂ ತಲೆಯ ಮೇಲೆ ಹಾದುಹೋಗುತ್ತಿದ್ದ ವಿಮಾನಗಳ ಸದ್ದೂ ಇರಲಿಲ್ಲ. ಅಮ್ಮ ಶಾರ್ಲಟ್ಟಿನಲ್ಲಿದ್ದಳು. ವಿನುವಿಗೆ ಸೋಮವಾರವೇ ಕಿವಿನೋವು ಬಂದು, ಅಪ್ಪ ಅರಳೆಯಲ್ಲಿ ಬೆಚ್ಚಗಿನ ಎಣ್ಣೆ ಇಟ್ಟು, ಜ್ವರದ ಸಿರಪ್ ಕುಡಿಸಿ ಮಲಗಿಸಿದ್ದ.

ಏಳು ಗಂಟೆಗೆ ಪಿಪ್‌ಗಳಾದವು. ಸುದ್ದಿಯ ನಡುವೆ ವಿನು ರೂಮಿನಿಂದ ಎದ್ದು ಬಂದು ಅಡುಗೆಮನೆಯ ನೆಲದ ಮೇಲೆ ವಾಂತಿ ಮಾಡಿಕೊಂಡ. ಅಪ್ಪ ಅವನ ಬಾಯಿ ತೊಳೆದು, ಬನಿಯನ್ ಬದಲಿಸಿ, ಮತ್ತೆ ಮಲಗಿಸಿದ. ಮೈ ಸುಡುತ್ತಿತ್ತು. ಮತ್ತೊಂದು ಸಲ ಸಿರಪ್ ಕೊಟ್ಟ. ಅಮ್ಮನಿಗೆ ಮೋಟೆಲ್ಲಿಗೆ ಫೋನ್ ಮಾಡಿದ. ಅವಳು ಆಗಲೇ ಕೆಲಸಕ್ಕೆ ಹೊರಟಿದ್ದಳು. ರೈತರ ಕಾರ್ಯಕ್ರಮದಲ್ಲಿ ಯಾರೋ ಆಲೂಗಡ್ಡೆಗೆ ಬರುವ ರೋಗದ ಬಗ್ಗೆ ಹೇಳುತ್ತಿದ್ದರು. ಅಪ್ಪ ಅನ್ನ ಬಸಿದು ಗಂಜಿ ಮಾಡಿದ. ನಾನು ಚಮಚದಲ್ಲಿ ತಿನ್ನಿಸಲು ಹೋದರೆ ವಿನು ಬಾಯಿ ತೆರೆಯಲಿಲ್ಲ.

"ಪ್ರಕಾಶ್ ಅಂಕಲ್‌ಗೆ ಫೋನ್ ಮಾಡ್ಲಾ ಅಪ್ಪ?"

"ಯಾಕೆ? ಈ ಸ್ನೋದಲ್ಲಿ ಅವರ ಕಾರು ಹಾರ್ಕೊಂಡು ಹೋಗತ್ತಾ? ಮಕ್ಕಳಿಗೆ ಜ್ವರ ಬರತ್ತೆ, ಹೋಗತ್ತೆ. ನಿನಗೂ ಬರ್ತಿರ್ಲಿಲ್ವಾ?"

ಹೌದು, ನನಗೂ ಬರುತ್ತಿತ್ತು, ಹೋಗುತ್ತಿತ್ತು. ಅಪ್ಪ ಹೇಳಿದ್ದನ್ನು ನಾನು ನಂಬಿದೆ. ಅವನೂ ನಂಬಿದ್ದ ಎಂದೇ ಬಹಳ ವರ್ಷ ತಿಳಿದಿದ್ದೆ.

ಕ್ವಿಜ್ ಬಂತು. ಅಪ್ಪ ಮೂರು ಪ್ರಶ್ನೆಗೆ ಅವರಿಗಿಂತ ಮೊದಲೇ ಉತ್ತರ ಹೇಳಿದ. ಆಮೇಲೆ ಪತ್ರಗಳು. ಯಾವುದೋ ದ್ವೀಪದ ಒಬ್ಬ ಹೆಂಗಸು ಕಾರ್ಯಕ್ರಮ ಕೇಳುತ್ತಾ ತನ್ನ ದೋಣಿಗೆ ಬಣ್ಣ ಹಚ್ಚಿದೆ ಎಂದು ಬರೆದಿದ್ದಳು. ನಾವು ತಿಳಿಸಾರು, ಹುರುಳಿಕಾಯಿ ಪಲ್ಯದಲ್ಲಿ ಊಟ ಮಾಡಿದೆವು. ವಿನುವಿನ ಪಕ್ಕ ಕೂತಿರು, ಅತ್ತರೆ ಬಂದು ಹೇಳು ಎಂದು ಅಪ್ಪ ನನ್ನನ್ನು ಕಳಿಸಿದ. ವಿನು ಅಳಲಿಲ್ಲ. ಅದೇ ತಪ್ಪಾಯಿತು. ಬೆಳಿಗ್ಗೆ ಕುಂಯ್ ಕುಂಯ್ ಅನ್ನುತ್ತಿದ್ದವನು ಮಧ್ಯಾಹ್ನದ ಹೊತ್ತಿಗೆ ಸುಮ್ಮನಾಗಿಬಿಟ್ಟ. ಹೊರಗೆ ಬಿಸಿಲು ಬಂದು ಸ್ನೋ ಮೇಲಿನ ಬೆಳಕು ರೂಮಿನೊಳಗೆ ಬಿದ್ದಿತ್ತು.

"ಅಕ್ಕಾ, ಕರ್ಟನ್ ಹಾಕು. ಕಣ್ಣು ನೋಯತ್ತೆ."

ಹಾಕಿದೆ. ನೀರು ಕುಡಿಸೋಣವೆಂದು ತಲೆಯ ಹಿಂದೆ ಕೈ ಕೊಟ್ಟು ಎತ್ತಿದೆ. ಕತ್ತು ಬಗ್ಗಲಿಲ್ಲ. ತಲೆ ಎತ್ತಿದರೆ ಅವನ ಬೆನ್ನೂ ಹಲಗೆಯ ಹಾಗೆ ಒಟ್ಟಿಗೇ ಎದ್ದು ಬಂತು. ಬಾಯಿಂದ ಬಂದ ಸದ್ದು ಅವನದ್ದಲ್ಲ, ಯಾವುದೋ ಸಣ್ಣ ಪ್ರಾಣಿಯದು. ಹೆದರಿ ಕೈಬಿಟ್ಟೆ. ಎದ್ದು ಅಡುಗೆಮನೆಯ ಬಾಗಿಲಿಗೆ ಓಡಿದೆ.

ನಾಟಕ ನಡೆಯುತ್ತಿತ್ತು. ಅದು ಅಪ್ಪನ ವಾರದ ಹಬ್ಬ. ಸಮುದ್ರದ ನಡುವೆ ಒಂದು ಬಂಡೆಯ ಮೇಲಿನ ಲೈಟ್‌ಹೌಸಿನಲ್ಲಿ ಇಬ್ಬರು ಅಣ್ಣತಮ್ಮಂದಿರು. ಚಳಿಗಾಲವಿಡೀ ಅವರಿಬ್ಬರೇ. ದೋಣಿಯಲ್ಲಿ ದಡಕ್ಕೆ ಹೋದ ತಮ್ಮ ತಿರುಗಿ ಬಂದಿಲ್ಲ. ಅಣ್ಣ ಮೆಟ್ಟಿಲು ಹತ್ತುತ್ತಿದ್ದಾನೆ. ಅವನ ಬೂಟಿನ ಸದ್ದು, ಗಾಳಿ, ದೂರದಲ್ಲಿ ಯಾರೋ ಕೂಗಿದಂತೆ. ಅಪ್ಪ ಸ್ಟೂಲಿನ ಮೇಲೆ ಕೂತು, ಫ್ರಿಜ್ಜಿಗೆ ಒರಗಿ, ಕಿವಿಯನ್ನು ಸ್ಪೀಕರಿನ ಹತ್ತಿರ ಇಟ್ಟಿದ್ದ. ಸ್ವರ ಬಂದು ಹೋಗಿ ಮಾಡುತ್ತಿತ್ತು. ನಾನು "ಅಪ್ಪ" ಎಂದೆ. ಅವನು ನನ್ನನ್ನು ನೋಡಿದ. ಅಂಗೈ ಎತ್ತಿ ತಡೆದ.

ನಾನು ಹೇಳಬಹುದಿತ್ತು. ಕಿರುಚಬಹುದಿತ್ತು. ಹೇಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಸ್ವಲ್ಪ ಹೊತ್ತಿಗೆ ನೆಲದ ಮೇಲೆ ಕೂತೆ. ದೂರದಲ್ಲಿ ಕೂಗಿದವನು ತಮ್ಮನೋ ಅಲ್ಲವೋ ಎಂದು ನನಗೆ ತಿಳಿಯಬೇಕಿತ್ತು. ಈ ಮಾತನ್ನು ನಯವಾಗಿ ಹೇಳುವ ದಾರಿ ನನಗೆ ಸಿಕ್ಕಿಲ್ಲ. ಕತ್ತು ಬಗ್ಗದ ನನ್ನ ತಮ್ಮ ಕತ್ತಲೆ ಮಾಡಿದ ರೂಮಿನಲ್ಲಿ ಒಬ್ಬನೇ ಮಲಗಿದ್ದ, ನಾನು ನಾಟಕ ಕೇಳುತ್ತಿದ್ದೆ. ಅರ್ಧ ಗಂಟೆಗಿಂತ ಹೆಚ್ಚೇ ಇರಬೇಕು. ನಾಟಕ ಮುಗಿದು, ಪಾತ್ರಧಾರಿಗಳ ಹೆಸರನ್ನೆಲ್ಲ ಹೇಳಿದ ಮೇಲೆ ಅಪ್ಪ ತಿರುಗಿದ.

"ಏನು ಉಷಿ?"

"ವಿನು ಕತ್ತು ಬಗ್ಗಿಸ್ತಿಲ್ಲ."

ನಾವು ಹೋಗುವ ಹೊತ್ತಿಗೆ ಅವನು ನಡುಗುತ್ತಿದ್ದ. ಚಳಿಯ ನಡುಕವಲ್ಲ. ಒಂದು ಕೈ, ಒಂದು ಕಾಲು ಒಂದೇ ತಾಳದಲ್ಲಿ ಎಳೆಯುತ್ತಿದ್ದವು. ಕಣ್ಣು ತೆರೆದಿತ್ತು, ನಮ್ಮನ್ನು ನೋಡುತ್ತಿರಲಿಲ್ಲ. ಅಪ್ಪ ಅವನ ಹೆಸರು ಕೂಗಿದ, ಕೆನ್ನೆ ತಟ್ಟಿದ, ಫೋನಿಗೆ ಓಡಿ ನೈನ್ ಒನ್ ಒನ್ ಒತ್ತಿದ. ಹದಿಮೂರು ವರ್ಷ ಇಂಗ್ಲಿಷ್ ಪಾಠ ಹೇಳಿದವನ ಬಾಯಲ್ಲಿ ಆ ಹೊತ್ತು ಪುಸ್ತಕದ ವಾಕ್ಯಗಳು ಬಂದವು, ಅವೂ ಒಂದರ ಮೇಲೊಂದು ಬಿದ್ದು. ಆ ಕಡೆಯ ಹೆಂಗಸಿಗೆ ತಿಳಿಯಲಿಲ್ಲ. ನಿಧಾನವಾಗಿ ಹೇಳಿ ಎಂದಳು. ಅಪ್ಪ ಮತ್ತೂ ಬೇಗ ಹೇಳಿದ. ಮನೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದಳು. ಅವನ ಮುಖ ಹೇಗಾಯಿತೆಂದರೆ, ಅದನ್ನು ನೋಡಬಾರದೆಂದು ನಾನು ಫೋನನ್ನು ಕಿತ್ತುಕೊಂಡೆ.

"ಮೈ ಬ್ರದರ್ ಈಸ್ ಶೇಕಿಂಗ್. ಹಿ ವೋಂಟ್ ವೇಕ್ ಅಪ್."

ವಿಳಾಸ ಹೇಳಿದೆ, ಅಪಾರ್ಟ್‌ಮೆಂಟ್ ನಂಬರ್ ಹೇಳಿದೆ. ಆಂಬ್ಯುಲೆನ್ಸು ದೊಡ್ಡ ರಸ್ತೆಯವರೆಗೆ ಬರುತ್ತದೆ, ನಿಮ್ಮ ಒಳರಸ್ತೆಯ ಸ್ನೋ ಇನ್ನೂ ತೆಗೆದಿಲ್ಲ, ಯಾರಾದರೂ ದೊಡ್ಡವರು ಎದುರಿಗೆ ಬರಬೇಕು ಎಂದಳು. ಅಪ್ಪನಿಗೆ ಹೇಳಿದೆ. ಅವನು ಪಂಚೆಯಲ್ಲೇ, ಹವಾಯಿ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಓಡಿದ. ಬಾಲ್ಕನಿಯಿಂದ ನೋಡಿದೆ. ಸೊಂಟದವರೆಗಿನ ಸ್ನೋದಲ್ಲಿ ಎರಡು ಸಲ ಬಿದ್ದ, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಪಕ್ಕದ ಕಟ್ಟಡದ ಬಾಗಿಲನ್ನು ಎರಡೂ ಕೈಯಲ್ಲಿ ಬಡಿಯುತ್ತಿದ್ದ.

"ಪ್ರಕಾಶ್! ಪ್ರಕಾಶ್ ಅವರೇ!"

ಪ್ರಕಾಶ್ ಅಂಕಲ್ ಬನಿಯನ್ನಿನಲ್ಲೇ ಹೊರಗೆ ಬಂದರು. ಏನು, ಯಾಕೆ ಎಂದು ಕೇಳಲಿಲ್ಲ. ಶವೆಲ್ ತೆಗೆದುಕೊಂಡು ಇನ್ನಿಬ್ಬರನ್ನು ಕೂಗಿ ದಾರಿ ಮಾಡತೊಡಗಿದರು. ಒಬ್ಬ ಪಕ್ಕದ ಮನೆಯ ಅಮೆರಿಕನ್ ಮುದುಕ, ಅವನ ಹೆಸರೂ ನಮಗೆ ಗೊತ್ತಿರಲಿಲ್ಲ. ಅಪ್ಪ ಮನೆಗೆ ಬಂದು ವಿನುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಅವರ ಹಿಂದೆ ನಡೆದ. ಆಂಬ್ಯುಲೆನ್ಸಿನ ಕೆಂಪು ದೀಪದ ಹತ್ತಿರ ಹೋಗಿ ತಲುಪುವ ಹೊತ್ತಿಗೆ ಅಪ್ಪನ ಕಾಲು ನೀಲಿಯಾಗಿತ್ತಂತೆ. ನನ್ನನ್ನು ಶೈಲಾ ಆಂಟಿ ತಮ್ಮ ಮನೆಗೆ ಕರೆದುಕೊಂಡು ಹೋದರು. ನಾನು ಹೊರಡುವಾಗ ಅಡುಗೆಮನೆಯ ರೇಡಿಯೋದಲ್ಲಿ ಫುಟ್‌ಬಾಲ್ ತಂಡಗಳ ಹೆಸರು ಓದುತ್ತಿದ್ದರು. ಆಂಟಿ ಹೋಗಿ ಆರಿಸಿದರು.

ಮಿದುಳಿನ ಪೊರೆಗೆ ಸೋಂಕು, ಕಿವಿಯಿಂದ ಹೋದದ್ದು ಎಂದು ಡಾಕ್ಟರು ಹೇಳಿದರು. ಶಾರ್ಲಟ್ಟಿನಲ್ಲೂ ರಸ್ತೆಯೆಲ್ಲ ಐಸ್ ಕಟ್ಟಿ, ಅಮ್ಮ ಬಸ್ಸು ಹಿಡಿದು ಆಸ್ಪತ್ರೆಗೆ ಬಂದು ಸೇರಿದ್ದು ಗುರುವಾರ ಬೆಳಿಗ್ಗೆ. ವಿನುವಿನ ಮೂಗಿಗೆ, ಕೈಗೆ ಕೊಳವೆಗಳು. ಅಮ್ಮ ಅವನ ಪಾದ ಹಿಡಿದುಕೊಂಡು ನಿಂತಳು. ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪನ ಕಡೆ ತಿರುಗಿದಳು.

"ಬೆಳಿಗ್ಗೆ ಏಳಕ್ಕೆ ವಾಂತಿ ಮಾಡಿದ ಅಂತೀರಿ. ನೈನ್ ಒನ್ ಒನ್ ಮಾಡಿದ್ದು ಸಾಯಂಕಾಲ. ಮಧ್ಯೆ ಏನ್ ಮಾಡ್ತಿದ್ರಿ?"

"ರೇಡಿಯೋ ಕೇಳ್ತಿದ್ದೆ."

ಆಮೇಲೆ ಅಪ್ಪ ನನಗೆ ಹೇಳಿದ, "ಉಷಿ, ಅಮ್ಮಂಗೆ ನೀರು ತಗೊಂಡ್ ಬಾ." ನಾನು ಕಾರಿಡಾರಿನ ಕೊನೆಗೆ ಹೋಗಿ ಪೇಪರ್ ಕಪ್ಪಿನಲ್ಲಿ ನೀರು ಹಿಡಿದು ತಂದೆ. ತಂದಾಗ ಅವರಿಬ್ಬರೂ ಮಂಚದ ಎರಡು ಕಡೆ ನಿಂತಿದ್ದರು. ಅಮ್ಮ ನನ್ನನ್ನು ಹತ್ತಿರ ಎಳೆದುಕೊಂಡು ತಲೆ ನೇವರಿಸಿದಳು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಬಾಗಿಲಲ್ಲಿ ನಿಂತದ್ದು, ಕೂತದ್ದು, ಒಂದನ್ನೂ ಅವನು ಹೇಳಿಲ್ಲ ಎಂದು ಆ ನೇವರಿಕೆಯಲ್ಲೇ ನನಗೆ ತಿಳಿಯಿತು. ನಾನೂ ಹೇಳಲಿಲ್ಲ.

ವಿನು ಉಳಿದ. ಮೂರನೇ ವಾರ ನರ್ಸೊಬ್ಬಳ ಕೈಯಿಂದ ಸ್ಟೀಲ್ ಟ್ರೇ ಜಾರಿ ಅವನ ಮಂಚದ ಹಿಂದೆಯೇ ಬಿತ್ತು. ನಾವು ಮೂವರೂ ಬೆಚ್ಚಿದೆವು. ವಿನು ಕಂಬಳಿಯ ಮೇಲಿನ ಕರಡಿಯ ಚಿತ್ರವನ್ನು ಬೆರಳಿನಿಂದ ತೀಡುತ್ತಾ ಕೂತಿದ್ದ. ಅಮ್ಮ ಅವನ ಬೆನ್ನ ಹಿಂದೆ ಹೋಗಿ ಚಪ್ಪಾಳೆ ತಟ್ಟಿದಳು. ಇನ್ನೊಂದು ಸಲ ತಟ್ಟಿದಳು. ತಟ್ಟುತ್ತಲೇ ಇದ್ದಳು. ಕೊನೆಗೆ ನರ್ಸು ಬಂದು ಅವಳ ಕೈ ಹಿಡಿದುಕೊಂಡಳು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಪ್ಪ ಬಾಲ್ಕನಿಯ ತಂತಿ ಬಿಚ್ಚಿದ, ಗೋಡೆಯ ಪಟ್ಟಿ ಕಿತ್ತ, ರೇಡಿಯೋ ಸಮೇತ ಕೆಳಗೆ ಕಸದ ಡಬ್ಬಿಗೆ ಹಾಕಿ ಬಂದ. ಆಮೇಲಿನ ಮೌನ ನನಗೆ ಮನೆಯ ಒಂದು ಸಾಮಾನಿನ ಹಾಗೆ ನೆನಪಿದೆ. ಎಲ್ಲಿ ನಡೆದರೂ ಕಾಲಿಗೆ ತಗಲುತ್ತಿತ್ತು. ಅಮ್ಮ ಅಪ್ಪನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಹಾಲು ಇಲ್ಲ. ನಾಳೆ ಸ್ಪೀಚ್ ಟೀಚರ್ ಬರ್ತಾರೆ. ಬೀಗದ ಕೈ ಎಲ್ಲಿ. ಅಪ್ಪ ಎಲ್ಲಕ್ಕೂ "ಹ್ಞೂಂ" ಅನ್ನುತ್ತಿದ್ದ.

ಕೌಂಟಿ ಸರ್ಕಾರದ ಕಡೆಯಿಂದ ವಾರಕ್ಕೆರಡು ಸಲ ಟೀಚರೊಬ್ಬಳು ಬಂದು ನಮಗೆಲ್ಲ ಕೈಭಾಷೆ ಹೇಳಿಕೊಡತೊಡಗಿದಳು. ನಾನು ಬೇಗ ಕಲಿತೆ. ವಿನು ನನಗಿಂತ ಬೇಗ. ಅಪ್ಪ ಕೂತು ನೋಡುತ್ತಿದ್ದ, ಕೈ ಎತ್ತುತ್ತಿರಲಿಲ್ಲ. ಮಗುವಿಗೆ ನಾಲ್ಕು ವರ್ಷದ ಮಾತಿತ್ತು, ಅದನ್ನು ಉಳಿಸಬೇಕು, ಕೈ ಕೊಟ್ಟರೆ ಬಾಯಿ ಮರೆಯುತ್ತಾನೆ ಎಂಬುದು ಅವನ ಹಟ. ದಿನವೂ ತಿಂಡಿಯಾದ ಮೇಲೆ ವಿನುವನ್ನು ಎದುರಿಗೆ ಕೂರಿಸಿಕೊಂಡು, ಅವನ ಪುಟ್ಟ ಅಂಗೈಯನ್ನು ತನ್ನ ಗಂಟಲಿನ ಮೇಲೆ ಒತ್ತಿಕೊಂಡು ಹೇಳುತ್ತಿದ್ದ, "ಅಪ್ಪ. ಅ-ಪ್ಪ. ಅನ್ನು." ಮೊದಮೊದಲು ವಿನು ಅನ್ನುತ್ತಿದ್ದ. ತಿಂಗಳು ಕಳೆದ ಹಾಗೆ ಆ ಮಾತಿನ ಅಂಚು ಸವೆಯಿತು. ಅಪ್ಪ ಕೈಯನ್ನು ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತಿದ್ದ. ಒಂದು ಶನಿವಾರ ವಿನು ಚೀರಿಕೊಂಡು ಆ ಕೈಯನ್ನು ಕಚ್ಚಿಬಿಟ್ಟ.

"ಬಿಡ್ರೀ ಅವನನ್ನ!" ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಅವನ ಮಾತು ಕಳೆದದ್ದು ಯಾರು ಅಂತ ಅವನ ಗಂಟಲು ಹಿಂಡ್ತೀರಿ?"

ಅಪ್ಪ ಕೈ ಬಿಟ್ಟ. ಮಣಿಕಟ್ಟಿನಲ್ಲಿ ಸಣ್ಣ ಹಲ್ಲುಗಳ ಗುರುತು ಮೂಡಿತ್ತು. ಮಾರನೆಯ ವಾರ ಅವನು ಕೈಭಾಷೆಯ ನನ್ನ ಲೈಬ್ರರಿ ಪುಸ್ತಕ ತೆಗೆದುಕೊಂಡು ಬಾತ್‌ರೂಮಿನ ಕನ್ನಡಿಯ ಮುಂದೆ ಅಕ್ಷರಗಳನ್ನು ಬೆರಳಿನಲ್ಲಿ ಮಾಡುತ್ತಿದ್ದದ್ದನ್ನು ನೋಡಿದೆ. ಬೆರಳು ಬಗ್ಗುತ್ತಿರಲಿಲ್ಲ. ಎರಡು ವರ್ಷವಾದರೂ ವಿನು ಅವನ ಅಕ್ಷರಗಳನ್ನು ಅರ್ಧಕ್ಕೇ ಊಹಿಸಿ ತಲೆಯಾಡಿಸುತ್ತಿದ್ದ.

ಮೈಸೂರಿನಲ್ಲಿ ಒಂದು ಟ್ಯುಟೋರಿಯಲ್ಲಿನವರು ಕರೆದಿದ್ದಾರೆ ಎಂದು ಹೇಳಿ ಆಮೇಲೆ ಅಪ್ಪ ಹೊರಟ. ಆರು ತಿಂಗಳಿಗೆ ಎಂದ. ಅಮ್ಮ ಎಷ್ಟು ತಿಂಗಳಿಗೆ ಎಂದು ಕೇಳಿಯೇ ಇರಲಿಲ್ಲ. ಪ್ರಕಾಶ್ ಅಂಕಲ್ ತಮ್ಮ ಕಾರಿನಲ್ಲಿ ಏರ್‌ಪೋರ್ಟಿಗೆ ಬಿಟ್ಟರು, ಸೂಟ್‌ಕೇಸು ಅವರೇ ಎತ್ತಿದರು, ಬಿಡುವಾಗ ಅಪ್ಪನ ಎರಡೂ ಕೈ ಹಿಡಿದುಕೊಂಡರು. ಆರು ತಿಂಗಳು ವರ್ಷವಾಯಿತು, ನಾಲ್ಕು ವರ್ಷವಾಯಿತು. ಅಮ್ಮನಿಗೆ ಸ್ಟರ್ಲಿಂಗ್‌ನಲ್ಲೇ ಕೆಲಸ ಸಿಕ್ಕಿ ನಾವೊಂದು ಪುಟ್ಟ ಟೌನ್‌ಹೌಸಿಗೆ ಬಂದೆವು. ಅಪ್ಪನ ಕಾಗದಗಳು ನನ್ನ ಹೆಸರಿಗೆ ಬರುತ್ತಿದ್ದವು. ಕೊನೆಯಲ್ಲಿ ವಿನುವಿಗೆಂದು ಎರಡು ಸಾಲು ಇಂಗ್ಲಿಷು. ಫೋನಿನಲ್ಲಿ ಅವನಿಗೂ ವಿನುವಿಗೂ ಹೇಗೆ ಮಾತಾಗುತ್ತದೆ?

ಗ್ರೀನ್ ಕಾರ್ಡ್ ಬಂದ ತಿಂಗಳು ನನಗೆ ಹದಿನಾರು. ಒಂದು ಸಂಜೆ ನಾನೂ ಅಮ್ಮನೂ ಟೇಬಲ್ಲಿನ ಮೇಲೆ ಪೇಪರ್ ಹರಡಿಕೊಂಡು, ಫ್ರೋಜನ್ ಅವರೆಕಾಳನ್ನು ನೀರಿನಲ್ಲಿ ನೆನೆಸಿ ಹಿದುಕುತ್ತಿದ್ದೆವು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ನಾನು ಕೇಳಿದೆ, "ಅಮ್ಮ, ಈಗ ಅಪ್ಪ ಬಂದ್ರೆ ಕೆಲಸ ಮಾಡಬಹುದಲ್ಲ. ಕರೆಸ್ಕೋಬಾರ್ದಾ?"

"ಬೇಡ."

"ಆರು ವರ್ಷ ಆಯ್ತಮ್ಮ. ರೇಡಿಯೋ ಕೇಳ್ತಿದ್ರು, ಅಷ್ಟೇ. ಅವರಿಗೇನ್ ಗೊತ್ತಿತ್ತು?"

ಅಮ್ಮನ ಕೈ ನಿಂತಿತು. "ಗೊತ್ತಿರ್ಲಿಲ್ಲ ಅಂದಿದ್ರೆ ನಾನು ಅವತ್ತೇ ಕ್ಷಮಿಸ್ತಿದ್ದೆ. ನೀನು ಹೋಗಿ ಹೇಳಿದ್ಯಲ್ಲ. ಹತ್ತು ವರ್ಷದ ಮಗು ಓಡಿ ಬಂದು, ವಿನು ಕತ್ತು ಬಗ್ಗಿಸ್ತಿಲ್ಲ ಅಂದ್ರೂ, ನಾಟಕ ಮುಗೀಲಿ ಅಂತ ಕೂತ್ರಂತೆ. ಆಸ್ಪತ್ರೇಲಿ ಅವರೇ ಹೇಳಿದ್ದು. ಉಷಾ ಹೇಳಿದ್ಲು, ನಾನು ಏಳ್ಲಿಲ್ಲ ಅಂತ. ಅಂಥ ಮನುಷ್ಯನ ಜೊತೆ ನಾನು ಹೇಗೆ ಇರ್ಲಿ?"

ನನ್ನ ಬೆರಳ ತುದಿಯಲ್ಲಿ ಒಂದು ಕಾಳಿತ್ತು. ಅದನ್ನು ಕೆಳಗಿಟ್ಟೆ. ಆರು ವರ್ಷ ಅವರಿಬ್ಬರ ನಡುವೆ ಕೂತಿದ್ದದ್ದು ಏನೆಂದು ಆಗ ನನಗೆ ಅರ್ಥವಾಯಿತು.

"ನಾನು ಹೇಳ್ಲಿಲ್ಲಮ್ಮ."

"ಏನು?"

"ಹೋದೆ. ಅಪ್ಪ ಕೈ ಎತ್ತಿದ್ರು, ನಾನು ಸುಮ್ಮನಾದೆ. ನಾನೂ ನಾಟಕ ಕೇಳ್ತಾ ಕೂತೆ. ಮುಗಿದ ಮೇಲೆ ಹೇಳಿದೆ."

ಅಮ್ಮ ನನ್ನನ್ನು ನೋಡುತ್ತಲೇ ಇದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಕೈ ತೊಳೆದು, ಒರೆಸಿಕೊಳ್ಳದೆಯೇ ಗೋಡೆಯ ಫೋನ್ ತೆಗೆದು ಮೈಸೂರಿನ ನಂಬರ್ ಒತ್ತತೊಡಗಿದಳು. ಅಲ್ಲಿ ಬೆಳಗಿನ ಜಾವ. ಅಪ್ಪ ಎದ್ದಿರುತ್ತಿದ್ದ ಹೊತ್ತು. ನಾನು ಮೇಲೆ ಅವಳ ರೂಮಿಗೆ ಓಡಿ ಇನ್ನೊಂದು ಫೋನ್ ಎತ್ತಿಕೊಂಡೆ.

"ಯಾಕೆ ಸುಳ್ಳು ಹೇಳಿದ್ರಿ?" ಅಮ್ಮ ಕೇಳುತ್ತಿದ್ದಳು. "ಉಷಾ ಹೇ‍ಳ್ಲೇ ಇಲ್ವಂತೆ. ಅವಳನ್ನ ಉಳಿಸೋಕೆ ಸುಳ್ಳು ಹೇಳಿದ್ರಾ?"

ಆ ಕಡೆ ಸರಸರ ಸದ್ದು.

"ಸುಳ್ಳು ಅಲ್ಲ ಸುಮಾ," ಅಪ್ಪ ಹೇಳಿದ. ಅವನ ಸ್ವರ ಮುದಿಯಾಗಿತ್ತು. "ಅವಳು ಬಾಗಿಲಿಗೆ ಬಂದು ನಿಂತಾಗ ಮುಖ ನೋಡಿದೆ. ನೋಡಿದ ತಕ್ಷಣ ಗೊತ್ತಾಯ್ತು. ಏನೋ ಆಗಿದೆ, ದೊಡ್ಡದು ಅಂತ. ಎದ್ದು ಹೋದ್ರೆ ಅದು ನಿಜ ಆಗತ್ತೆ, ಪ್ರಕಾಶನ ಬಾಗಿಲು ತಟ್ಟಬೇಕಾಗತ್ತೆ ಅನ್ನಿಸ್ತು. ಇನ್ನೊಂದು ಸ್ವಲ್ಪ ಹೊತ್ತು ಗೊತ್ತಿಲ್ಲದ ಹಾಗೆ ಇರೋಣ ಅಂತ ಕೈ ಎತ್ತಿದೆ. ಅವಳು ಬಾಯಲ್ಲಿ ಹೇಳಿದ್ರೇನು, ಹೇಳದೇ ಇದ್ರೇನು?"

ಅಮ್ಮ ಕೇಳಿದಳು, "ಟಿಕೆಟ್ ಕಳಿಸ್ಲಾ?"

"ಬೇಡ ಸುಮಾ. ಅವನ ಎದುರು ಕೂತು ನನಗೆ ಮಾತಾಡೋಕೂ ಬರಲ್ಲ."

ಕೆಳಗೆ ಬಂದೆ. ಅಮ್ಮ ಮೂರು ತಟ್ಟೆ ಹಾಕಿದ್ದಳು. ಹೋಂವರ್ಕ್ ಮುಗಿಸಿ ಬಂದ ವಿನು ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿ, ಏನಾಯಿತು ಎಂದು ಕೈಯಲ್ಲಿ ಕೇಳಿದ. ಅಮ್ಮ ಹೆಬ್ಬೆರಳನ್ನು ಹಣೆಗೆ ಮುಟ್ಟಿಸಿ 'ಅಪ್ಪ' ಎಂದಳು. ಮುಂದಿನದಕ್ಕೆ ಅವಳ ಹತ್ತಿರ ಕೈಯಿರಲಿಲ್ಲ.

"ನೀನೇ ಹೇಳು," ಎಂದಳು ನನಗೆ.

ಎಲ್ಲವನ್ನೂ ಹೇಳಿದೆ. ಅವನ ಕತ್ತು, ಬಾಗಿಲು, ಅಪ್ಪನ ಅಂಗೈ, ನಾನು ಕೂತದ್ದು, ಎಷ್ಟು ಹೊತ್ತು ಕೂತದ್ದು. ಹತ್ತು ವರ್ಷದ ಹುಡುಗ ಕಣ್ಣು ಮಿಟುಕಿಸದೆ ನನ್ನ ಕೈಗಳನ್ನು ನೋಡಿದ. ನನ್ನ ಕೈ ನಿಂತ ಮೇಲೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಟ್ಟೆ ಎತ್ತಿಕೊಂಡು, ನನ್ನ ಪಕ್ಕದ ಕುರ್ಚಿ ಬಿಟ್ಟು, ಅಮ್ಮನ ಆಚೆ ಬದಿಗೆ ಹೋಗಿ ಕೂತು ಊಟ ಮಾಡಿದ.

ಮೂರು ದಿನ ಅವನು ನನ್ನ ಕಡೆ ನೋಡಲಿಲ್ಲ. ನೋಡದಿದ್ದರೆ ಅವನಿಗೆ ನಾನು ಏನನ್ನೂ ಹೇಳುವ ಹಾಗಿರಲಿಲ್ಲ. ಎದುರಿಗೆ ಹೋದರೆ ಮುಖ ತಿರುಗಿಸುತ್ತಿದ್ದ, ಭುಜ ಮುಟ್ಟಿದರೆ ಕೊಡವುತ್ತಿದ್ದ. ಒಂದೇ ಮನೆಯಲ್ಲಿ, ಒಂದೇ ಬಾತ್‌ರೂಮಿನ ಮುಂದೆ ಕಾಯುತ್ತಾ, ನನ್ನ ಕೈಗಳು ನನ್ನ ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿದ್ದವು.

ನಾಲ್ಕನೆಯ ದಿನ ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದಾಗ ಅವನು ನನ್ನ ಜಾಕೆಟ್ಟಿನ ತೋಳು ಎಳೆದ. ಮುಖ ಬಿಗಿದುಕೊಂಡೇ ಇತ್ತು. ಬ್ಯಾಗಿನಿಂದ ಒಂದು ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ತೆಗೆದು ನನ್ನ ಕೈಗೆ ಕೊಟ್ಟು, ಅಪ್ಪನ ಮೈಸೂರಿನ ವಿಳಾಸ ಬರೆದುಕೊಡು ಎಂದ.